ಸೆರಗಿನ ಡ್ಯೂಟಿ

ನಾನು ಬಕೇಟು, ಮಾಪು, ಫಿನಾಯಿಲು ಇಡುತ್ತಿದ್ದ ರೂಮನ್ನು ಖಾಲಿ ಮಾಡಿಸಿ ಅವಳಿಗೆ ಕೊಟ್ಟರು. ನನ್ನ ಹೊಟ್ಟೆಕಿಚ್ಚು ಶುರುವಾಗಿದ್ದು ಅಲ್ಲಿಂದ.

ಹೊಸೂರಿನಲ್ಲಿ ಮನಸ್ಸಿನ ಕಾಯಿಲೆ ನೋಡುವ ಒಂದು ನರ್ಸಿಂಗ್ ಹೋಮಿನಲ್ಲಿ ನಾನು ಆಯಾ. ಆ ರೂಮು ಕಾರಿಡಾರಿನ ಕೊನೆಗಿತ್ತು. ಮಧ್ಯಾಹ್ನ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದದ್ದು, ಮಂಡಿ ನೋವು ಬಂದರೆ ಗೋಡೆಗೆ ಒರಗುತ್ತಿದ್ದದ್ದು ಎಲ್ಲಾ ಅಲ್ಲೇ. ಒಂದು ದಿನ ಬಂದು ನೋಡಿದರೆ ನನ್ನ ಬಕೇಟು ಮೆಟ್ಟಿಲ ಕೆಳಗಿತ್ತು. ರೂಮಿಗೆ ಪೇಂಟು ಹೊಡೆದು, ದಪ್ಪ ಪರದೆ ಬಿಟ್ಟು, ಹಿಂದಕ್ಕೆ ಒರಗುವ ದೊಡ್ಡ ಕುರ್ಚಿ ಹಾಕಿದ್ದರು. ಬಿಪಿ, ಉಸಿರು ನೋಡುವ ಮಿಷನ್ನು, ಆಕ್ಸಿಜನ್ ಸಿಲಿಂಡರು, ಔಷಧಿ ನಿಧಾನವಾಗಿ ಬಿಡುವ ಪಂಪು. ಅದರ ಜೊತೆಗೆ ಒಬ್ಬಳು ಹೊಸ ನರ್ಸು. ಡೆಂಕಣಿಕೋಟೆ ಕಡೆ ಹುಡುಗಿ, ಬೆಂಗಳೂರಲ್ಲಿ ಕಲಿತು ಬಂದಿದ್ದಳು.

"ಇವ್ಳಿಗೇನಪ್ಪಾ ಕೆಲ್ಸ?" ಅಂತ ವಾಚ್‌ಮನ್ನನ್ನು ಕೇಳಿದೆ.

"ಪೇಷಂಟ್ ಪಕ್ಕದಲ್ಲಿ ಕೂತ್ಕೊಳ್ಳೋದಂತೆ ಆಯಮ್ಮ."

"ಕೂತ್ಕೊಂಡು?"

"ಅಷ್ಟೇ. ಕೂತ್ಕೊಳ್ಳೋದೇ ಅಂತೆ."

ಡಾಕ್ಟರಮ್ಮ ನಮ್ಮನ್ನೆಲ್ಲ ಕರೆದು ಹೇಳಿದರು. ಆಪರೇಷನ್ನಿಗೆ ಮೈಮರೆಸುವ ಕೆಟಮಿನ್ ಅಂತ ಔಷಧಿ ಇದೆಯಂತೆ. ಅದನ್ನೇ ಕಮ್ಮಿ ಮಾಡಿ ರಕ್ತಕ್ಕೆ ನಿಧಾನವಾಗಿ ಬಿಟ್ಟರೆ, ಮಾತ್ರೆಗೂ ತಲೆಗೆ ಕೊಡುವ ಕರೆಂಟಿಗೂ ಜಗ್ಗದ ದುಃಖ ಕೆಲವರಿಗೆ ಜಗ್ಗುತ್ತದಂತೆ, ಎಲ್ಲರಿಗೂ ಅಲ್ಲ. ಔಷಧಿ ಓಡುವಾಗ ಮನಸ್ಸು ಮೈ ಬಿಟ್ಟು ಎಲ್ಲೆಲ್ಲೋ ಹೋಗುತ್ತದೆ, ವಾಪಸ್ ಬರುವ ತನಕ ಕಲಿತವರೊಬ್ಬರು ಪಕ್ಕದಲ್ಲಿ ಇರಲೇಬೇಕು ಅಂದರು.

"ನಾನಿಲ್ವಾ?" ಅಂದೆ.

"ನೀವಿದ್ದೀರಿ ಆಯಮ್ಮ. ಆದ್ರೆ ಇದಕ್ಕೆ ಟ್ರೈನಿಂಗ್ ಬೇಕು."

ಆ ಔಷಧಿ ಇಡುವ ಬೀರುವಿಗೆ ಎರಡು ಬೀಗ. ಒಂದರ ಕೀ ಡಾಕ್ಟರಮ್ಮನ ಹತ್ತಿರ, ಇನ್ನೊಂದು ಆ ಹುಡುಗಿ ಹತ್ತಿರ. ಇಷ್ಟು ವರ್ಷದಲ್ಲಿ ಅವರು ನನ್ನ ಕೈಗೆ ಕೊಟ್ಟ ಕೀ ಅಂದರೆ ಕಕ್ಕಸಿಂದು.

ಆ ರೂಮಿಗೆ ಬಂದ ಮೊದಲ ಪೇಷಂಟು ನಮ್ಮ ಟೀಚರಮ್ಮ. ಬೆಟ್ಟದ ಕೆಳಗಿನ ಬೀದಿಯವರು, ಹಳೇ ಮನೆತನ. ಸ್ಕೂಲಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು ಒಂದು ವರ್ಷ ಮಂಚ ಹಿಡಿದರು, ಆಮೇಲೆ ಸರಿಯಾಗಿ ಏಳಲೇ ಇಲ್ಲ. ಒಂದು ಸಲ ಸಾಯಕ್ಕೆ ಹೋಗಿ ಉಳಿದವರು. ನಮ್ಮಲ್ಲಿ ಎಷ್ಟು ಸಲ ಅಡ್ಮಿಟ್ ಆದರೋ ಅಷ್ಟು ಸಲವೂ ಅವರ ತಲೆಗೆ ನೀರು ಹಾಕಿದವಳು ನಾನು, ಬಾಚಿದವಳು ನಾನು, ಅನ್ನ ಕಲಸಿ ಬಾಯಿಗಿಟ್ಟವಳು ನಾನು. ನನ್ನ ಹತ್ತಿರ ಅವರು ಆಡಿದ ಮಾತು "ಸಾಕು" ಒಂದೇ. ಇರಲಿ, ಬೇರೆಯವರಿಗೆ ಅದೂ ಇಲ್ಲ ಅಂದುಕೊಂಡಿದ್ದೆ.

ಅವರ ಯಜಮಾನರು ಆಫೀಸು ಕೆಲಸದವರು. ಟೀಚರಮ್ಮನನ್ನು ಕರೆದುಕೊಂಡು ಬಂದಾಗೆಲ್ಲ ಕೈ ಹಿಡಿದೇ ಇರುತ್ತಿದ್ದರು, ಕುರ್ಚಿ ಮೇಲೆ ಕೂತಾಗಲೂ ಬಿಡುತ್ತಿರಲಿಲ್ಲ. ಆ ದಿನ ಕಾರಿಡಾರಿನಲ್ಲಿ ನನ್ನ ಹತ್ತಿರ ಹೇಳಿದರು.

"ಇದೇ ಕೊನೆ ಸಲ ಅಂದಿದ್ದಾಳೆ ಆಯಮ್ಮ. ಇದೂ ಆಗ್ಲಿಲ್ಲ ಅಂದ್ರೆ ಆಮೇಲೆ ನನ್ನನ್ನ ಯಾರೂ ತಡೀಬಾರ್ದು ಅಂತ ಹೇಳಿಬಿಟ್ಟಿದ್ದಾಳೆ."

ಔಷಧಿ ಕೊಡುವ ಹಿಂದಿನ ದಿನ ಆ ನರ್ಸು ಟೀಚರಮ್ಮನ ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತಳು. ನಾನು ಬಾಗಿಲ ಹತ್ತಿರ ನೆಲ ಒರೆಸುತ್ತಿದ್ದೆ. ಒರೆಸಿದ ಜಾಗವನ್ನೇ ಒರೆಸುತ್ತಿದ್ದೆ, ಕೇಳಿಸಿಕೊಳ್ಳಬೇಕಲ್ಲ.

"ಟೀಚರಮ್ಮ, ಬೆಳಿಗ್ಗೆ ಏನೂ ತಿನ್ನಬಾರದು. ಔಷಧಿ ಓಡೋವಾಗ ಈ ಮೈ ನನ್ದಲ್ಲ ಅನ್ನೋ ಹಾಗೆ ಆಗಬಹುದು. ರೂಮು ದೂರ ಹೋದ ಹಾಗೆ, ತೇಲಿದ ಹಾಗೆ. ಹೆದರಿಕೆ ಆದರೂ ಆಗಬಹುದು. ಆಗ ನಾನು ನಿಮ್ಮ ಕೈ ಹಿಡೀಬಹುದಾ? ಈಗ್ಲೇ ಹೇಳಬೇಕು. ಔಷಧಿ ಒಳಗೆ ಹೋದಮೇಲೆ ಹೇಳಿದ್ದನ್ನ ನಾನು ಲೆಕ್ಕಕ್ಕೆ ತಗೊಳ್ಳಲ್ಲ."

ನನಗೆ ನಗು ಬಂತು. ಮುಟ್ಟಲಾ ಅಂತ ಕೇಳಿ ಮುಟ್ಟುವುದನ್ನು ಯಾವ ಊರಲ್ಲಿ ಕಲಿಸುತ್ತಾರೋ. ಆ ಹೆಂಗಸಿನ ಬೆನ್ನು ಉಜ್ಜುವಾಗ ನಾನು ಯಾರನ್ನು ಕೇಳಿದ್ದೆ.

ಟೀಚರಮ್ಮ "ಕೈ ಬೇಡ" ಅಂದರು.

"ಭುಜ?"

"ಬೇಡ."

"ಬೇರೆ ಏನಾದ್ರೂ ಬೇಕು ಅನ್ನಿಸುತ್ತಾ?"

ಟೀಚರಮ್ಮ ಹೇಳಿದರು. "ಸೆರಗು. ಹಿಡ್ಕೊಳ್ಳಕ್ಕೆ."

ಹುಡುಗಿ ತನ್ನನ್ನು ತಾನೇ ನೋಡಿಕೊಂಡಳು. ಮೇಲೆ ಕೋಟು, ಕೆಳಗೆ ಪ್ಯಾಂಟು. ಹಿಡಿದುಕೊಳ್ಳಲು ಒಂದು ಬಟ್ಟೆ ತುದಿ ಇಲ್ಲ. ಬಾಗಿಲ ಕಡೆ ತಿರುಗಿದಳು. ನಮಗೆ ಆಯಾಗಳಿಗೆ ಓವರ್‌ಕೋಟು ಮಾತ್ರ ಆಸ್ಪತ್ರೆಯದು, ಒಳಗೆ ಮನೆ ಸೀರೆ. ನಾನು ಆವತ್ತು ಉಟ್ಟಿದ್ದದ್ದು ಕಾಫಿ ಬಣ್ಣದ ಹಳೇ ನೂಲಿನದು, ಅಂಚು ಕಿತ್ತಿತ್ತು.

"ಆಯಮ್ಮ, ಬಕೇಟ್ ಆಚೆ ಇಟ್ಟು ಒಳಗೆ ಬನ್ನಿ" ಅಂದಳು.

ಬಕೇಟನ್ನು ಬಾಗಿಲಿಗೇ ಅಡ್ಡ ಇಟ್ಟು ಒಳಗೆ ಹೋದೆ. ನನ್ನ ರೂಮಿಗೆ ನಾನು ವಾಪಸ್ ಬಂದೆ ಅಂತ ಅವಳಿಗೆ ಗೊತ್ತಾಗಲಿ ಅಂತ.

ಡಾಕ್ಟರಮ್ಮನನ್ನು ಕೇಳಿ ಒಪ್ಪಿಸಿದವಳು ಅವಳೇ. ನನಗೆ ಪಾಠ ಹೇಳಿದಳು. ಅಳಬೇಡಿ ಅನ್ನಬಾರದು. ಕಣ್ಣೀರು ಒರೆಸಬಾರದು. ಏನು ಕಾಣಿಸಿತು ಅಂತ ಕೇಳಬಾರದು. ಸೆರಗು ಎಳೆದುಕೊಳ್ಳಬಾರದು. ಮೈ ಮುಟ್ಟಬಾರದು.

"ಹಂಗಾದ್ರೆ ನಾನೇನ್ ಮಾಡ್ಲಿ?"

"ಸೆರಗು ಕೊಟ್ಟು ಸುಮ್ಮನೆ ಕೂತ್ಕೊಳ್ಳಿ."

"ನಿನ್ ಕೆಲ್ಸಾನೂ ಅದೇ ತಾನೆ?"

"ಹೆಚ್ಚುಕಮ್ಮಿ ಅದೇ ಆಯಮ್ಮ" ಅಂತ ನಕ್ಕಳು. ಬೈದರೆ ತಿರುಗಿ ಬೈಯುವವಳನ್ನು ನಾನು ತಡೆದುಕೊಳ್ಳುತ್ತೇನೆ. ನಗುವವಳನ್ನು ಏನು ಮಾಡುವುದು.

ಮಾರನೇ ದಿನ ಅನಸ್ತೇಶಿಯಾ ಡಾಕ್ಟರು ಬೆಂಗಳೂರಿಂದ ಬಂದು, ತೂಕ ನೋಡಿ ಔಷಧಿ ಅಳೆದು, ಪಂಪಿಗೆ ಹಾಕಿ ಪಕ್ಕದ ರೂಮಲ್ಲಿ ಕೂತರು. ಸೂಜಿ ಹಾಕಿದವಳು ನರ್ಸು. ಒಂದೇ ಸಲಕ್ಕೆ ಸಿಕ್ಕಿತು, ಅದಕ್ಕೂ ನನಗೆ ಹೊಟ್ಟೆ ಉರಿಯಿತು. ಟೀಚರಮ್ಮನ ಕಣ್ಣಿಗೆ ಬಟ್ಟೆ ಕಟ್ಟಿ ದೀಪ ಸಣ್ಣದು ಮಾಡಿದಳು. ನಾನು ಭುಜದ ಹತ್ತಿರ ಎರಡು ಪಿನ್ನು ಹಾಕಿಕೊಂಡು ಸೆರಗಿನ ತುದಿ ಕೊಟ್ಟೆ. ಟೀಚರಮ್ಮ ಕಿತ್ತ ಅಂಚನ್ನು ಬೆರಳಲ್ಲಿ ಉಜ್ಜಿಕೊಂಡು ಮಲಗಿದರು.

ಸ್ವಲ್ಪ ಹೊತ್ತಿಗೆ ಬೆರಳು ನಿಂತಿತು. "ಗೋಡೆ ಉಸಿರಾಡ್ತಿದೆ" ಅಂದರು. ನನ್ನ ಬಾಯಿಗೆ ಮಾತು ಬಂದೇ ಬಿಟ್ಟಿತ್ತು, ಹುಡುಗಿ ತುಟಿ ಮೇಲೆ ಬೆರಳಿಟ್ಟು ತೋರಿಸಿದಳು. ಅವಳ ಕಣ್ಣು ಮಾತ್ರ ತಿರುಗುತ್ತಿತ್ತು. ಎದೆ ಏಳುವುದು, ಮುಖ, ಮಿಷನ್ನು, ಪಂಪು, ಮತ್ತೆ ಎದೆ. ಬಿಪಿ ಪಟ್ಟಿ ತಾನೇ ಬಿಗಿಯುವಾಗ ಟೀಚರಮ್ಮ ಬೆಚ್ಚಿದರೆ, "ಟೀಚರಮ್ಮ, ಆಸ್ಪತ್ರೇಲಿ ಇದ್ದೀರಿ. ಔಷಧಿ ಓಡ್ತಿದೆ. ನಾನಿದ್ದೀನಿ" ಅಂತ ಮೆಲ್ಲಗೆ ಹೇಳುತ್ತಿದ್ದಳು. ಮಿಕ್ಕಂತೆ ಎರಡೂ ಕೈ ತೊಡೆ ಕೆಳಗೆ ಇಟ್ಟುಕೊಂಡು, ಮೇಷ್ಟ್ರು ಕೂರಿಸಿದ ಹುಡುಗಿ ಹಾಗೆ ಕೂತಿದ್ದಳು. ಕೈಗೆ ಕೆಲಸ ಇಲ್ಲದವಳು ಕೈಯನ್ನು ಇನ್ನೆಲ್ಲಿ ಇಡುತ್ತಾಳೆ ಅಂದುಕೊಂಡೆ.

ಪಂಪು ನಿಂತಮೇಲೆ ಟೀಚರಮ್ಮನಿಗೆ ಓಕರಿಕೆ. ಟ್ರೇ ಹಿಡಿದವಳು ನಾನು, ಬಾಯಿ ತೊಳೆಸಿದವಳು ನಾನು. ಆಮೇಲೆ ಅವರು ಒರಗಿಕೊಂಡು, ಮುಖವನ್ನು ಆ ಹುಡುಗಿ ಕಡೆ ತಿರುಗಿಸಿ ಮಾತಾಡಿದರು.

"ನಮ್ಮಮ್ಮ ಒಲೆ ಮುಂದೆ ಕೂತಿದ್ರು. ನಾನು ಹಿಂದೆ ಕೂತಿದ್ದೆ. ಯಾರೂ ಏನೂ ಕೇಳ್ಲಿಲ್ಲ ನನ್ನ. ಸುಮ್ನೆ ಇದ್ದೆ."

ಅವರ ಬಾಯಿಂದ ಇಷ್ಟು ಮಾತು ಒಟ್ಟಿಗೆ ಬಂದದ್ದನ್ನು ಇಷ್ಟು ವರ್ಷದಲ್ಲಿ ನಾನು ಕೇಳಿದ್ದು ಅದೇ ಮೊದಲು. ಸೆರಗು ಇನ್ನೂ ಅವರ ಮುಷ್ಟಿಯಲ್ಲೇ ಇತ್ತು. ನಾನು ಕಟ್ಟಿಹಾಕಿದ ಕರುವಿನ ಹಾಗೆ ಪಕ್ಕದಲ್ಲೇ ನಿಂತಿದ್ದೆ. ಸೆರಗು ನನ್ನದು, ಮಾತು ಅವಳಿಗೆ.

ಅಲ್ಲಿಂದ ನನ್ನ ಬುದ್ಧಿ ಕೆಟ್ಟಿತು. ಮುಂದಿನ ಸಲ ಜರಿ ಅಂಚಿನ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದೆ. "ವಾಸನೆ ಬೇಡ ಆಯಮ್ಮ, ಆ ಹೊತ್ತಲ್ಲಿ ವಾಸನೆ ಬಹಳ ದೊಡ್ಡದಾಗಿ ಕಾಣುತ್ತೆ" ಅಂತ ಹೂವು ತೆಗೆಸಿದಳು. ಅವಳ ಟೀಯನ್ನು ಆರಲು ಬಿಟ್ಟು ತಂದುಕೊಟ್ಟೆ. ಆರಿದ್ದನ್ನೇ ಕುಡಿದು ಥ್ಯಾಂಕ್ಸ್ ಅಂದಳು. ಏನಾದರೂ ತಪ್ಪು ಮಾಡುತ್ತಾಳಾ ಅಂತ ಕಾದು ನೋಡಿದೆ. ಬೀರುವಿನ ಬೀಗ, ಸೀಸೆ ಎಣಿಸುವುದು, ಬಿಪಿ ಬರೆಯುವುದು, ಆಮೇಲೆ ಗಾಡಿ ಓಡಿಸಬಾರದು ಅಂತ ಯಜಮಾನರಿಗೆ ಹೇಳುವುದು, ಒಂದೂ ಬಿಡಲಿಲ್ಲ ಪಾಪಿ.

"ಇಷ್ಟೊತ್ತು ಬಾಯಿ ಮುಚ್ಕೊಂಡು ಕೂರೋದ್ನ ಎಲ್ಲಿ ಕಲ್ತೆಯೇ?" ಅಂತ ಕೇಳಿದೆ.

"ನಮ್ಮೂರ ರಾಗಿ ಹೊಲದಲ್ಲಿ. ಅಟ್ಟಣೆ ಮೇಲೆ ಕಾಯೋವಾಗ ಕೆಳಗೆ ಆನೆ ನಿಂತಿದ್ರೆ ಯಾರು ಮಾತಾಡ್ತಾರೆ ಆಯಮ್ಮ?"

ನಾನು ನಗಲಿಲ್ಲ. ಮೆಟ್ಟಿಲ ಕೆಳಗೆ ಹೋಗಿ ಒಬ್ಬಳೇ ನಕ್ಕೆ.

ಟೀಚರಮ್ಮ ಸಾರಿಗೆ ಉಪ್ಪು ಕಮ್ಮಿ ಅಂದರಂತೆ, ಅವಳ ಹತ್ತಿರ. ಒಂದು ದಿನ ಬಾಚಣಿಗೆ ಇಸಿದುಕೊಂಡು ತಾವೇ ತಲೆ ಬಾಚಿಕೊಂಡರು. ಎಲ್ಲರೂ ಖುಷಿಪಟ್ಟರು. ನನಗೆ ನನ್ನ ಕೈಯಲ್ಲಿದ್ದ ಕೆಲಸ ಒಂದೊಂದೇ ಹೋಗುತ್ತಿರುವುದು ಕಾಣಿಸಿತು.

ಕೆಟ್ಟದ್ದು ಆದದ್ದು ಆಮೇಲಿನ ಸಲ. ಬೆಂಗಳೂರು ರಸ್ತೇಲಿ ಜೂಜುವಾಡಿ ಹತ್ತಿರ ಲಾರಿ ಮಗುಚಿ ಅನಸ್ತೇಶಿಯಾ ಡಾಕ್ಟರ ಕಾರು ನಿಂತುಹೋಯಿತು. ಟೀಚರಮ್ಮ ಖಾಲಿ ಹೊಟ್ಟೇಲಿ ಕಾದರು. ಯಜಮಾನರು ಅವರ ಕೈ ಹಿಡಿದುಕೊಂಡು ಕಾರಿಡಾರಿನಲ್ಲಿ ಆ ಕಡೆ ಈ ಕಡೆ ನಡೆಸಿದರು. ನಾಳೆ ಮಾಡೋಣ ಅಂದರೆ ಟೀಚರಮ್ಮ ಕೇಳಲಿಲ್ಲ. ಬಿಪಿ ಮೇಲಿತ್ತು, ಹುಡುಗಿ ಸ್ವಲ್ಪ ತಾಳಿ ಅಂತ ಕೂರಿಸಿ, ಇಳಿದಮೇಲೆ ಡಾಕ್ಟರಿಗೆ ತೋರಿಸಿ ಶುರು ಮಾಡಿದಳು.

ಅರ್ಧದಲ್ಲಿ ಟೀಚರಮ್ಮ ಅಳಲು ಹಿಡಿದರು. ಸೆರಗು ಕೈಯಿಂದ ಜಾರಿತು. ಹುಡುಗಿ ಬಗ್ಗಿ, ಚರ್ಮ ತಾಕದ ಹಾಗೆ ಸೆರಗಿನ ತುದಿಯನ್ನು ಅಂಗೈಗೆ ಇಟ್ಟಳು. ಮತ್ತೆ ಜಾರಿತು. "ಅಮ್ಮಾ" ಅಂತ ಟೀಚರಮ್ಮ ಕೈ ಚಾಚಿದರು, ಗಾಳಿಯಲ್ಲಿ ತಡಕಾಡಿದರು. ಚಾಚಿದ್ದು ಅವಳು ಕೂತಿದ್ದ ಕಡೆಗೆ. ನಾನು ಈ ಕಡೆ ಇದ್ದೆ.

ಅದನ್ನು ನನ್ನ ಕೈಲಿ ನೋಡಲಾಗಲಿಲ್ಲ. ಎದ್ದು ಆ ಕೈಯನ್ನು ನನ್ನ ಎರಡೂ ಕೈಲಿ ಹಿಡಿದೆ. "ನಾನಿದ್ದೀನಿ ಕಣವ್ವಾ. ಈ ಕಡೆ ನೋಡು, ನಾನು" ಅಂದೆ. ಕನಿಕರ ಇರಲಿಲ್ಲ ಅಂತಲ್ಲ. ಅದಕ್ಕಿಂತ ಹೊಟ್ಟೆಕಿಚ್ಚು ಜಾಸ್ತಿ ಇತ್ತು.

ಟೀಚರಮ್ಮ ಚೀರಿ ತೋಳು ಎಳೆದುಕೊಂಡರು. ಸೂಜಿ ಕಿತ್ತು ಬಂತು, ರಕ್ತ ನನ್ನ ಜರಿ ಅಂಚಿಗೆ ಹತ್ತಿತು, ಪಂಪು ಕೂಗಿಕೊಂಡಿತು. ಹುಡುಗಿ ಪಂಪು ನಿಲ್ಲಿಸಿ, ಹತ್ತಿ ಒತ್ತಿ, ಡಾಕ್ಟರನ್ನು ಕರೆದಳು. ಆಮೇಲೆ ದನಿ ಏರಿಸದೆ "ಕೈ ಬಿಡಿ ಆಯಮ್ಮ" ಅಂದಳು. ಅಲ್ಲಿಯ ತನಕ ನಾನು ಬಿಟ್ಟಿರಲಿಲ್ಲ.

ಮೈ ತಿಳಿದಮೇಲೆ ಟೀಚರಮ್ಮ ಅವಳಿಗೆ ಹೇಳಿದ್ದು ಬಾಗಿಲಾಚೆ ನನಗೂ ಕೇಳಿಸಿತು.

"ಮನೇಲಿ ಬಚ್ಚಲಿಗೆ ಹೋದ್ರೂ ಯಾರಾದ್ರೂ ಕೈ ಹಿಡೀತಾರೆ. ಬಾಗ್ಲಿಗೆ ಚಿಲಕ ಇಲ್ಲ, ಎಲ್ಲಾ ತೆಗೆಸಿಬಿಟ್ಟಿದ್ದಾರೆ. ಕೈ ಹಿಡಿದ್ರೆ ಅವರು ಬಿಟ್ಟಾಗಲೇ ಬಿಡೋದು. ಸೆರಗಾದ್ರೆ ನಾನು ಹಿಡಿದಿರ್ತೀನಿ, ಸಾಕು ಅನ್ನಿಸಿದ್ರೆ ನಾನೇ ಬಿಡ್ತೀನಿ. ಅದಕ್ಕೆ ಕೇಳಿದ್ದು. ಇಲ್ಲೂ ಹಿಡ್ಕೊಂಡ್ರಿ. ಇನ್ನು ನಾನು ಬರಲ್ಲ."

ಯಜಮಾನರು ಅವರ ಕೈ ಹಿಡಿದು ಆಟೋ ಹತ್ತಿಸಿಕೊಂಡು ಹೋದರು.

ಡಾಕ್ಟರಮ್ಮನ ಮುಂದೆ ಹುಡುಗಿ ಆದದ್ದನ್ನು ಆದ ಹಾಗೇ ಹೇಳಿದಳು. ಆಯಮ್ಮ ಏಳುತ್ತಿರುವುದನ್ನು ಕಂಡೂ ನಾನು ಬೇಗ ತಡೆಯಲಿಲ್ಲ ಅಂತ ತನ್ನ ಮೇಲೂ ಹಾಕಿಕೊಂಡಳು. ಅದಕ್ಕೆ ನನಗೆ ಇನ್ನೂ ಉರಿಯಿತು.

"ಒಬ್ಳು ಕಣ್ಣೆದುರಿಗೆ ಅತ್ತು ಕೈ ಚಾಚಿದ್ರೆ ಕಲ್ಲಿನಂಗೆ ಕೂತಿರೋಳು ಹೆಂಗಸೇನಮ್ಮಾ ಇವ್ಳು?" ಅಂದೆ.

ಹುಡುಗಿ ನನ್ನ ಕಡೆ ತಿರುಗಿದಳು. "ನಂಗೂ ಹಿಡೀಬೇಕು ಅನ್ನಿಸುತ್ತೆ ಆಯಮ್ಮ. ಪ್ರತಿ ಸಲ ಅನ್ನಿಸುತ್ತೆ. ಅದಕ್ಕೇ ಕೈ ಮೇಲೆ ಕೂತಿರ್ತೀನಿ."

ಡಾಕ್ಟರಮ್ಮ ನನ್ನನ್ನು ಆ ರೂಮಿನ ಡ್ಯೂಟಿಯಿಂದ ತೆಗೆದರು.

ಟೀಚರಮ್ಮ ಬರಲಿಲ್ಲ. ಊಟ ಮತ್ತೆ ಬಿಟ್ಟಿದ್ದಾರೆ, ಗೋಡೆಗೆ ಮುಖ ಹಾಕಿ ಮಲಗಿದ್ದಾರೆ ಅಂತ ಯಜಮಾನರು ಫೋನ್ ಮಾಡಿದರು. ಔಷಧಿಯಿಂದ ಆದ ಗುಣ ಬಹಳ ದಿನ ನಿಲ್ಲುವುದಿಲ್ಲ, ನಡುವೆ ಬಿಟ್ಟರೆ ಮೊದಲಿದ್ದ ಕಡೆಗೇ ಹೋಗಿಬಿಡುತ್ತಾರೆ ಅಂತ ಡಾಕ್ಟರಮ್ಮ ಹೇಳುತ್ತಿದ್ದರು. ಅವರನ್ನು ಕೇಳಿಕೊಂಡು ಹುಡುಗಿ ಟೀಚರಮ್ಮನ ಮನೆಗೇ ಹೋದಳು. ಹೋಗಿ ಬಂದವಳು ಸೀದಾ ನಾನು ಉಣ್ಣುತ್ತಿದ್ದ ಮೆಟ್ಟಿಲ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತಳು.

"ಬರ್ತೀನಿ ಅಂದ್ರು ಆಯಮ್ಮ. ಸೆರಗು ಬೇಕಂತೆ."

"ಬತ್ತೀನಿ ಬಿಡು. ಡಾಕ್ಟರಮ್ಮಂಗೆ ನೀನೇ ಹೇಳು."

ಅವಳು ತಲೆ ಅಲ್ಲಾಡಿಸಿದಳು. ಆಮೇಲೆ ಹೇಳಿದಳು. "ನೀವು ಬೇಡ್ವಂತೆ."

ಬಾಯಲ್ಲಿದ್ದ ತುತ್ತು ಅಲ್ಲೇ ಇತ್ತು. ಸುತ್ತಿ ಬಳಸಿ ಹೇಳಬಹುದಿತ್ತು ಅವಳು. ಹೇಳಲಿಲ್ಲ.

"ನಿಮ್ಮ ಸೀರೆ ಕೊಡಿ ಆಯಮ್ಮ. ನಾನು ಕೋಟಿನ ಮೇಲೆ ಹಾಕ್ಕೊಂಡು ಕೂತ್ಕೊತೀನಿ."

"ಅಂಗಡೀಲಿ ಹೊಸದು ತಗೊಂಡು ಹಾಕ್ಕೋ ಹೋಗು."

"ಹೊಸದು ಬೇಡ ಅಂದ್ರು. ಕಾಫಿ ಬಣ್ಣದ್ದು, ಅಂಚು ಕಿತ್ತಿರೋದು ಅಂತ ಅವರೇ ಹೇಳಿದ್ರು."

ಕೊಡಲ್ಲ ಅಂದೆ. ಅವಳು ಎದ್ದು ಹೋದಳು, ಬೇಡಿಕೊಳ್ಳಲೂ ಇಲ್ಲ.

ಸಾಯಂಕಾಲ ಮೂಕಂಡಪಲ್ಲಿಗೆ ಹೋಗುವ ಬಸ್ಸಿನಲ್ಲಿ, ಫ್ಯಾಕ್ಟರಿ ಹುಡುಗಿಯರ ನಡುವೆ ಕಂಬಿ ಹಿಡಿದು ನಿಂತು ಯೋಚನೆ ಮಾಡಿದೆ. ಕೊಡದಿದ್ದರೆ ಟೀಚರಮ್ಮ ಬರಲ್ಲ. ಬರದಿದ್ದರೆ ಅವಳ ಹತ್ತಿರವೂ ಮಾತಾಡಲ್ಲ, ನನ್ನ ಹತ್ತಿರವೂ ಮಾತಾಡಲ್ಲ, ನಾವಿಬ್ಬರೂ ಸಮ. ಈ ಯೋಚನೆ ನನಗೆ ಬಂತು, ಬರಲಿಲ್ಲ ಅಂತ ಸುಳ್ಳು ಹೇಳಲ್ಲ. ಸ್ವಲ್ಪ ದೂರ ಅದು ಹಿತವಾಗಿಯೂ ಇತ್ತು. ಆಮೇಲೆ ಟೀಚರಮ್ಮ ಗೋಡೆಗೆ ಮುಖ ಹಾಕಿ ಮಲಗಿರುವುದು ಕಣ್ಣಿಗೆ ಬಂತು. ಆ ಬೆನ್ನು ನನಗೆ ಚೆನ್ನಾಗಿ ಗೊತ್ತು, ಎಷ್ಟು ಮೂಳೆ ಕಾಣುತ್ತದೆ ಅಂತಲೂ ಗೊತ್ತು. ಕೊಟ್ಟರೆ ಈ ಹುಡುಗಿ ಗೆಲ್ಲುತ್ತಾಳೆ, ಕೊಡದಿದ್ದರೆ ಆ ಹೆಂಗಸು ಹೋಗುತ್ತಾಳೆ. ಹುಡುಗಿ ಗೆದ್ದರೆ ನಾನೇನು ಸಾಯಲ್ಲ.

ಮನೆಗೆ ಹೋಗಿ ಟ್ರಂಕಿನಿಂದ ಸೀರೆ ತೆಗೆದು, ಸೋಪು ಹಾಕದೆ ಬರೀ ನೀರಲ್ಲಿ ಜಾಲಿಸಿ ಒಣಹಾಕಿದೆ. ಬೆಳಿಗ್ಗೆ ಅವಳ ಟೇಬಲ್ಲಿನ ಮೇಲೆ ಹಾಕಿದೆ.

"ಎರಡು ಪಿನ್ನು ಹಾಕ್ಕೋ. ಒಂದಾದ್ರೆ ಜಾರ್ತದೆ."

ಅವಳಿಗೆ ಕೋಟಿನ ಮೇಲೆ ನೆರಿಗೆ ಹಿಡಿಯಲು ಬರಲಿಲ್ಲ. ನಾನೇ ಮಡಿಸಿ ಭುಜಕ್ಕೆ ಚುಚ್ಚಿದೆ. ಪ್ಯಾಂಟಿನ ಮೇಲೆ ಅರ್ಧ ಸೀರೆ ಇಳಿಬಿಟ್ಟುಕೊಂಡು ನಾಟಕದ ವೇಷದ ಹಾಗೆ ಕಾಣುತ್ತಿದ್ದಳು. ಅದು ನೋಡಿ ನನಗೆ ಸ್ವಲ್ಪ ಸಮಾಧಾನ ಆಯಿತು.

ಆವತ್ತು ನಾನು ಬಾಗಿಲಾಚೆ ಒಂದೇ ಜಾಗ ಒರೆಸುತ್ತಿದ್ದೆ. ಕದ ಸ್ವಲ್ಪ ಸರಿದಿತ್ತು. ಪಂಪಿನ ಸದ್ದು ಕೇಳುತ್ತಿತ್ತು. ಒಂದು ಸಲ ಟೀಚರಮ್ಮ ಅತ್ತರು. ಹುಡುಗಿ ಅಲ್ಲಾಡಲಿಲ್ಲ, ಕೈ ತೊಡೆ ಕೆಳಗೆ. ಅಳು ತಾನಾಗಿ ನಿಂತಿತು. ನಾನು ಎರಡೂ ಕೈಲಿ ಮಾಪಿನ ಕೋಲು ಹಿಡಿದುಕೊಂಡಿದ್ದೆ.

ಪಂಪು ತೆಗೆದು, ಬಿಪಿ ನೋಡಿ, ತಲೆ ಸುತ್ತು ಇಳಿಯುವ ತನಕ ಕೂರಿಸಿ, ಆಮೇಲೆ ಬಾಗಿಲು ತೆಗೆದರು. ಟೀಚರಮ್ಮ ಬಚ್ಚಲಿಗೆ ಹೋಗಲು ಆಚೆ ಬಂದರು. ಯಾರೂ ಅವರ ಕೈ ಹಿಡಿದಿರಲಿಲ್ಲ. ಸೆರಗು ಮಾತ್ರ ಅವರ ಮುಷ್ಟಿಯಲ್ಲಿತ್ತು, ಆ ಹುಡುಗಿ ಅದರ ಹಿಂದೆ ಕರು ಬಂದ ಹಾಗೆ ಬರುತ್ತಿದ್ದಳು. ಮೊದಲ ಸಲ ನಾನು ನಿಂತಿದ್ದ ಹಾಗೇ.

ಟೀಚರಮ್ಮ ನನ್ನನ್ನು ನೋಡಿ ನಿಂತರು. ನಾನು ಬಕೇಟು ಪಕ್ಕಕ್ಕೆ ಎಳೆದೆ.

"ನೆಲ ಒದ್ದೆ ಇದೆಯಾ?" ಅಂತ ಕೇಳಿದರು.

"ಒಣಗೈತೆ. ಹೋಗಿ."

"ಸಾಕು" ಬಿಟ್ಟರೆ ಅವರು ನನಗೆ ಅಂತ ಆಡಿದ ಮಾತು ಅದು.

ಮಿಕ್ಕ ಸಲಗಳೂ ಮುಗಿದವು. ಪೂರಾ ವಾಸಿ ಅಂತ ಯಾರೂ ಹೇಳಿಲ್ಲ, ಆಗಾಗ ಬಂದು ಒಂದು ಸಲ ಹಾಕಿಸಿಕೊಂಡು ಹೋಗಬೇಕಂತೆ. ಯಜಮಾನರು ಒಂದು ದಿನ ಬಿಲ್ಲಿನ ಹತ್ತಿರ ನಿಂತಾಗ ಬಚ್ಚಲಿಗೆ ಮತ್ತೆ ಚಿಲಕ ಹಾಕಿಸಿದೆ ಅಂದರು. ಅವಳು ಒಳಗೆ ಹೋದಾಗ ನಾನು ಅಡುಗೆಮನೇಲಿ ನಿಂತಿರ್ತೀನಿ ಆಯಮ್ಮ, ಬಹಳ ಕಷ್ಟ, ಅಂದರು. ಹೇಳುವಾಗ ಅವರ ಕೈ ಪ್ಯಾಂಟಿನ ಜೇಬಿನೊಳಗಿತ್ತು.

ಕೊನೆ ದಿನ ಹುಡುಗಿ ಭುಜದ ಮೇಲೆ ಏನೂ ಇಲ್ಲದೆ ಮೆಟ್ಟಿಲ ಹತ್ತಿರ ಬಂದಳು.

"ನನ್ ಸೀರೆ ಎಲ್ಲೇ?"

"ಟೀಚರಮ್ಮ ಹೋಗೋವಾಗ ಮಡಿಸಿ ಚೀಲಕ್ಕೆ ಹಾಕ್ಕೊಂಡ್ರು ಆಯಮ್ಮ. ನಾನು ಬೇಡ ಅನ್ನಕ್ಕಾಗ್ಲಿಲ್ಲ. ಹೋಗಿ ಇಸ್ಕೊಂಡು ಬರ್ಲಾ?"

"ನಿಂದೇನಾದ್ರೂ ತಗೊಂಡು ಹೋದ್ರಾ?"

ಅವಳು ಯೋಚನೆ ಮಾಡಿದಳು. "ಇಲ್ಲ. ನನ್ದೇನಿಲ್ಲ."

"ಹಂಗಾದ್ರೆ ಇರ್ಲಿ ಬಿಡು" ಅಂದು ಬಕೇಟು ಎತ್ತಿಕೊಂಡು ಹೋದೆ.